ಎರಡು ಎಕ್ಕಾ ಸೋತ ಮೇಲೆ

ಯಾದಗಿರಿಯ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ ಇಷ್ಟು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸುವವರೆಗೂ ಅವರು ಫೋನಿನಲ್ಲಿ ಪೋಕರ್ ಆಡುತ್ತಿದ್ದರು. ಈಗ ಭಾನುವಾರ ಸಂಜೆ ಗೆಳೆಯರೊಂದಿಗೆ ಮನೆಯಲ್ಲಿ, ಹಣವಿಲ್ಲದೆ, ಬರಿಯ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಆಡುತ್ತಾರೆ. ಈಚೆಗೆ ಒಂದು ಸಂಜೆ ಅವರ ಕೈಗೆ ಎರಡು ಎಕ್ಕಾ ಬಂದವು, ಎದುರಿನ ಗೆಳೆಯನ ಕೈಯಲ್ಲಿ ಎರಡು ರಾಜ ಇದ್ದವು. ಗೆಳೆಯ ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ, ಇವರೂ ಅಷ್ಟನ್ನೇ ಇಟ್ಟರು. ಇಬ್ಬರಿಗೂ ಸಲ್ಲುವಂತೆ ಮೇಜಿನ ಮೇಲೆ ಬಿಚ್ಚುವ ಐದು ಎಲೆಗಳಲ್ಲಿ ನಾಲ್ಕು ಬರುವವರೆಗೆ ಗೆಲುವು ಇವರ ಕಡೆಗಿತ್ತು, ಐದನೆಯದಾಗಿ ಬಂದದ್ದು ರಾಜ. ಗೆಳೆಯನ ಮೂರು ರಾಜಗಳ ಮುಂದೆ ಇವರ ಜೋಡಿ ಎಕ್ಕಾ ಸೋತಿತು. ಮರುಕ್ಷಣವೇ, ಕೈಯಲ್ಲಿ ಬರಿಯ ಏಳು ಮತ್ತು ಎರಡು ಇದ್ದರೂ ಉಳಿದ ಬಿಲ್ಲೆಗಳನ್ನೆಲ್ಲ ಹಾಕಿ ಸೋತು, ಎಲೆಗಳನ್ನು ಎಸೆದು ಎದ್ದುಹೋದರಂತೆ. ಸಿಟ್ಟು ಬರದವನಿಗೆ ಗೆಲ್ಲುವ ಹಟವೂ ಇರುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ. ಧರ್ಮರಾಯನ ಗತಿ ಏನಾಯಿತು ನೋಡು, ಬಿಟ್ಟುಬಿಡು ಎಂದು ಕಾಕಾ ಹೇಳುತ್ತಾರೆ. ಸೋತಾಗ ಕದಡದಿರುವ ಮನಸ್ಸು ಹುಟ್ಟಿನಿಂದ ಬರುವುದೋ, ಕಲಿತರೆ ಬರುವುದೋ ಎಂಬುದು ಓದುಗರ ಪ್ರಶ್ನೆ.

ಕಲಿತರೆ ಬರುತ್ತದೆ. ಆದರೆ ಸೋತ ಮೇಲೆ ಕಲಿಯಲು ಹೊರಟರೆ ಬರುವುದಿಲ್ಲ, ಎಲೆ ಹಂಚುವ ಮೊದಲೇ ಅದಕ್ಕೆ ಏರ್ಪಾಡು ಮಾಡಿಕೊಂಡಿರಬೇಕು. ನಾನು ಬಹುಕಾಲದಿಂದ ನಂಬಿಕೊಂಡು ಬಂದಿರುವ ಮಾತಿದು, ಆದ್ದರಿಂದ ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಸುಮ್ಮನಿರಲು ನನ್ನಿಂದ ಆಗದು.

ನಿಮ್ಮ ಗೆಳೆಯನ ಮಾತಿನಲ್ಲಿ ಒಂದು ಎಳೆ ನಿಜವಿದೆ. ಸೋಲು ನೋಯಬೇಕು, ನೋಯದವನು ಆಟವನ್ನು ಮನಸ್ಸಿಟ್ಟು ಆಡಿರುವುದಿಲ್ಲ. ಅಲ್ಲಿಗೆ ಆತನ ವಾದ ಮುಗಿಯಿತು. ನೋವು ಬೇರೆ, ಆ ನೋವಿನ ಕೈಗೆ ಮುಂದಿನ ಎಲೆಗಳನ್ನು ಕೊಡುವುದು ಬೇರೆ.

ಆ ಸಂಜೆಯ ಲೆಕ್ಕವನ್ನೇ ನೋಡೋಣ. ಎರಡು ಎಕ್ಕಾಗಳಿಗೆ ಎರಡು ರಾಜ ಎದುರಾದಾಗ, ಮೇಜಿನ ಎಲೆಗಳು ಬಿಚ್ಚುವ ಮೊದಲು, ನೂರರಲ್ಲಿ ಸುಮಾರು 82 ಸಲ ಎಕ್ಕಾ ಗೆಲ್ಲುತ್ತವೆ. ನಾಲ್ಕು ಎಲೆ ಬಿಚ್ಚಿದ ಮೇಲೆ ಕಾಣದೆ ಉಳಿದ 44 ಎಲೆಗಳಲ್ಲಿ ಗೆಳೆಯನಿಗೆ ನೆರವಾಗಬಲ್ಲವು ಎರಡೇ ರಾಜ, ಎಂದರೆ 22ರಲ್ಲಿ ಒಂದು ಅವಕಾಶ. ನೀವು ಆಡಿದ್ದು ಸರಿ, ಬಂದ ಫಲ ಮಾತ್ರ ಪ್ರತಿಕೂಲ. ಹೀಗಿರುವಾಗ ನೀವು ಪತ್ರದ ಎರಡು ಪುಟಗಳನ್ನು ಆ ರಾಜನ ಮೇಲೆ ಖರ್ಚು ಮಾಡಿ, ಏಳು-ಎರಡರ ಕಥೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ಮೇಲೆ ನನಗಿರುವ ಸಣ್ಣ ಮುನಿಸು ಇದೊಂದೇ. ಮೊದಲನೆಯದು ಎಲೆಗಳ ಕೆಲಸ, ಎರಡನೆಯದು ನಿಮ್ಮದು, ಮತ್ತು ತಿದ್ದಿಕೊಳ್ಳಬೇಕಾದದ್ದೂ ಅದೊಂದೇ.

ಜೋಡಿ ಎಕ್ಕಾ ಸರಾಸರಿ 221 ಆಟಕ್ಕೊಮ್ಮೆ ಬರುತ್ತದೆ. ಮನೆಯ ಮೇಜಿನಲ್ಲಿ ಗಂಟೆಗೆ 25ರಿಂದ 30 ಆಟ ನಡೆದರೆ ಅದಕ್ಕಾಗಿ ಏಳರಿಂದ ಒಂಬತ್ತು ಗಂಟೆ ಕೂತಿರಬೇಕು. ಅಷ್ಟು ಕಾದು ಬಂದ ಎಲೆಗಳು ಸೋತರೆ, ತನಗೆ ಸಲ್ಲಬೇಕಾದದ್ದನ್ನು ಯಾರೋ ಕಸಿದುಕೊಂಡರು ಎಂದೇ ಅನ್ನಿಸುತ್ತದೆ. ಸಿಟ್ಟಿನಲ್ಲಿ ವಿವೇಕ ಕಳೆದುಕೊಂಡು ಆಡುವ, ಆಟಗಾರರು ಟಿಲ್ಟ್ ಎಂದು ಕರೆಯುವ ಸ್ಥಿತಿ ಅಲ್ಲಿಂದಲೇ ಶುರುವಾಗುತ್ತದೆ. ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟದ ಸಂಕಟ ಹೆಚ್ಚು ತೂಗುತ್ತದೆ ಎಂದು ತೋರಿಸಿದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಅಲ್ಲಿದೆ: ಲಾಭದಲ್ಲಿರುವಾಗ ಎಚ್ಚರದಿಂದ ನಡೆಯುವ ಮನುಷ್ಯನೇ ನಷ್ಟದಲ್ಲಿರುವಾಗ, ಖಚಿತವಾದ ಸಣ್ಣ ನಷ್ಟವನ್ನು ಒಪ್ಪಿಕೊಳ್ಳಲಾರದೆ, ಅದನ್ನು ಅಳಿಸಿಬಿಡುವ ಆಸೆಯಿಂದ ದೊಡ್ಡ ನಷ್ಟದ ಅಪಾಯಕ್ಕೆ ಕೈಹಾಕುತ್ತಾನೆ. ನಿಮ್ಮ ಏಳು-ಎರಡು ಅಂಥದ್ದೇ. ನಿಮ್ಮ ಸ್ವಭಾವ ಕೆಟ್ಟದ್ದೆಂದು ಕೊರಗಬೇಡಿ, ಮನುಷ್ಯರ ಮನಸ್ಸು ಇರುವುದೇ ಹಾಗೆ. ಆ ಕಾರಣಕ್ಕಾಗಿಯೇ ಆ ಗಳಿಗೆಯ ಮನಸ್ಸಿನ ಮಾತನ್ನು ಕೇಳದಂತೆ ಮೊದಲೇ ನಿರ್ಧರಿಸಿಕೊಂಡಿರಬೇಕು ಎನ್ನುತ್ತೇನೆ.

ನಿಮ್ಮ ಕಾಕಾ ಅವರಿಗೆ ನನ್ನ ಗೌರವ ತಿಳಿಸಿ, ಧರ್ಮರಾಯನ ಕಥೆಯನ್ನು ಪೂರ್ತಿ ಹೇಳುವಂತೆ ಕೇಳಿಕೊಳ್ಳಿ. ನಮ್ಮಲ್ಲಿ ಎಲ್ಲರೂ ಸಭಾಪರ್ವಕ್ಕೇ ನಿಂತುಬಿಡುತ್ತಾರೆ: ಸೋತಷ್ಟೂ ಪಣ ಏರಿಸಿ, ತಮ್ಮಂದಿರನ್ನು, ತನ್ನನ್ನು, ಕಡೆಗೆ ದ್ರೌಪದಿಯನ್ನೇ ಒಡ್ಡಿದ ರಾಜನ ಕಥೆಗೆ. ಆದರೆ ವನಪರ್ವದಲ್ಲಿ ಬೃಹದಶ್ವನೆಂಬ ಋಷಿ ಅದೇ ರಾಜನಿಗೆ ನಳನ ಕಥೆ ಹೇಳುತ್ತಾನೆ. ಪುಷ್ಕರನಿಗೆ ಸೋತು ರಾಜ್ಯ ಕಳೆದುಕೊಂಡ ನಳ, ಋತುಪರ್ಣನಿಂದ ಅಕ್ಷವಿದ್ಯೆಯನ್ನು ಕಲಿತ ಮೇಲಷ್ಟೇ ಮತ್ತೆ ಪಗಡೆಗೆ ಕೂತು ಗೆದ್ದ. ಕಥೆ ಮುಗಿಸಿದ ಋಷಿ ಆ ವಿದ್ಯೆಯನ್ನು ಧರ್ಮರಾಯನಿಗೂ ಕಲಿಸುತ್ತಾನೆ. ಅಜ್ಞಾತವಾಸದಲ್ಲಿ ಅವನು ವಿರಾಟನ ಆಸ್ಥಾನಕ್ಕೆ ಹೋದದ್ದು ಕಂಕನೆಂಬ ಹೆಸರಿನಲ್ಲಿ, ಜೂಜಿನ ಜೊತೆಗಾರನಾಗಿ. ಅಲ್ಲಿ ಬೃಹನ್ನಳೆಯನ್ನು ಹೊಗಳಿದ್ದಕ್ಕೆ ಸಿಟ್ಟಾದ ವಿರಾಟ ದಾಳವನ್ನು ಮುಖಕ್ಕೆ ಎಸೆದಾಗ ಕಂಕನ ಮೂಗಿನಿಂದ ರಕ್ತ ಸುರಿಯಿತು. ಆತ ಅದನ್ನು ನೆಲಕ್ಕೆ ಬೀಳಗೊಡದೆ ಕೈಯಲ್ಲೇ ಹಿಡಿದ, ಬೃಹನ್ನಳೆಯನ್ನು ಒಳಗೆ ಬಿಡಬೇಡವೆಂದು ದ್ವಾರಪಾಲಕನ ಕಿವಿಯಲ್ಲಿ ಹೇಳಿದ. ಅಣ್ಣನ ರಕ್ತ ಕಂಡರೆ ಅರ್ಜುನ ವಿರಾಟನನ್ನು ಉಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಏಟು ತಿಂದ ಗಳಿಗೆಯಲ್ಲೂ ಮುಂದಿನ ಹೆಜ್ಜೆಯನ್ನು ಯೋಚಿಸಬಲ್ಲ ಈ ಮನುಷ್ಯ, ಹಿಂದೆ ಸೋಲಿನ ಮೇಲೆ ಸೋಲು ಕಂಡರೂ ಪಣ ಒಡ್ಡುತ್ತ ಕೂತಿದ್ದವನೇ. ಇದನ್ನು ಹುಟ್ಟುಗುಣ ಎನ್ನಲಾದೀತೆ?

ಶಹಾಬಾದಿನಲ್ಲಿ ನನಗೆ ಪರಿಚಯವಿದ್ದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ದೀಪಾವಳಿಯ ಇಸ್ಪೀಟಿಗೆ ಕೂಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತಿದ್ದರು. ಗೆದ್ದದ್ದು, ಸೋತದ್ದು ಅದರಲ್ಲಿ ಇರುತ್ತಿರಲಿಲ್ಲ. ತಾನು ಯಾವ ಎಲೆ ಎಸೆದದ್ದು ತಪ್ಪು, ಆಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನಷ್ಟೇ ಬರೆಯುತ್ತಿದ್ದರು. ಗೆದ್ದ ಆಟದ ಕೆಳಗೂ ಎಷ್ಟೋ ಸಲ ತಪ್ಪು ಎಂದು ಬರೆದಿರುತ್ತಿತ್ತು. ಅಷ್ಟು ನೆಮ್ಮದಿಯಿಂದ ಸೋಲುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಊರುಗಳಲ್ಲಿ ಇಂಥ ನೋಟ್‌ಬುಕ್ ಏಕೆ ಅಪರೂಪ? ಫಲ ಒಂದನ್ನೇ ನೋಡಿ ಮನುಷ್ಯನನ್ನು ಅಳೆಯುವ ಚಾಳಿ ನಮಗೆ ಮೈಗೂಡಿಬಿಟ್ಟಿದೆ. ನೆಟೆ ರೋಗ ತಡೆಯುವ ಟಿಎಸ್-3ಆರ್ ತಳಿಯನ್ನೇ ಆರಿಸಿ, ಬೀಜೋಪಚಾರ ಮಾಡಿ, ಹೊತ್ತಿಗೆ ಸರಿಯಾಗಿ ಬಿತ್ತಿದ ತೊಗರಿ ಹೂ ಬಿಡುವಾಗ ಅಕಾಲದ ಮಳೆಗೆ ಸಿಕ್ಕರೆ, ಆ ರೈತನಿಗೆ ಒಕ್ಕಲುತನ ತಿಳಿಯದು ಎಂದು ಕಟ್ಟೆಯ ಮೇಲೆ ಕೂತವರು ತೀರ್ಪು ಕೊಡುತ್ತಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನಕ್ಕೆ ಇಳಿದಾಗ ನಾವು ನಾಚಿಕೆಯ ಬಗ್ಗೆ ಬಹಳ ಮಾತನಾಡಿದೆವು. ಆದರೆ ನಪಾಸಾದ ಹುಡುಗನ ಪಕ್ಕದಲ್ಲಿ ಕೂತು, ಯಾವ ಲೆಕ್ಕದ ಯಾವ ಸಾಲಿನಲ್ಲಿ ಎಡವಿದೆ ಎಂದು ಉತ್ತರಪತ್ರಿಕೆಯನ್ನು ಓದಿದ ಮನೆಗಳು ಎಷ್ಟು? ಅಂಕಪಟ್ಟಿ ನೋಡಿ ಕೈ ಎತ್ತುವ ಹಿರಿಯರೇ ಹೆಚ್ಚು. ಸೋಲನ್ನು ಬಿಚ್ಚಿ ನೋಡಲು ಯಾರೂ ಕಲಿಸದೆ ಬೆಳೆದ ಹುಡುಗ ಇಪ್ಪತ್ತೈದನೆಯ ವಯಸ್ಸಿನಲ್ಲಿ ಎಲೆ ಎಸೆದು ಎದ್ದರೆ, ತಪ್ಪನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟಲು ನನಗೆ ಮನಸ್ಸು ಬಾರದು.

ಇನ್ನು ಮಾಡಬೇಕಾದದ್ದು. ಕೂಡುವ ಮೊದಲೇ ಆ ದಿನ ಎಷ್ಟು ಬಿಲ್ಲೆ ಹೋದರೆ ಏಳುವುದು, ಎಷ್ಟು ಗಂಟೆಗೆ ಏಳುವುದು ಎಂಬ ಎರಡನ್ನೂ ಬರೆದು ಜೊತೆಯವರಿಗೆ ಹೇಳಿಬಿಡಿ. ಹೇಳಿದ ಮಾತನ್ನು ಮುರಿಯುವುದು ಕಷ್ಟ. ದೊಡ್ಡ ಸೋಲಾದ ಕೂಡಲೇ ಮುಂದಿನ ಕೆಲವು ಆಟಗಳನ್ನು ಬಿಟ್ಟು, ಹೊರಗೆ ಹೋಗಿ ಮುಖ ತೊಳೆದು ಬನ್ನಿ. ದೀರ್ಘ ಉಸಿರಾಟದ ಬಗ್ಗೆಯೂ ಕೇಳಿದ್ದೀರಿ, ಆಗಲಿ, ಅದರಿಂದ ಕೆಡುಕಿಲ್ಲ. ನೋಟ್‌ಬುಕ್ಕಿನಲ್ಲಿ ನಿರ್ಧಾರಗಳನ್ನು ಮಾತ್ರ ಬರೆಯಿರಿ, ಮರುದಿನ ಓದಿ. ಗೆಳೆಯನ ಜೊತೆ ವಾದಿಸುವ ಅಗತ್ಯವಿಲ್ಲ, ಆಟ ಮುಗಿದ ಮೇಲೆ ಆ 44 ಎಲೆಗಳನ್ನು ಹರಡಿ ಒಟ್ಟಿಗೆ ನೋಡಿರಿ. ಎರಡು ರಾಜ ಇಟ್ಟುಕೊಂಡು ಎಲ್ಲವನ್ನೂ ತಳ್ಳಿದ್ದು ಅವನ ತಪ್ಪೂ ಅಲ್ಲ ಎಂಬುದು ಆಗ ನಿಮಗೇ ತಿಳಿಯುತ್ತದೆ.

ಫೋನಿನಲ್ಲಿ ಎಷ್ಟು ಹಣ ಹೋಯಿತೆಂದು ಪತ್ರದಲ್ಲಿ ನೀವು ಬರೆದಿಲ್ಲ. ಆ ನಷ್ಟವನ್ನು ಹೇಗಾದರೂ ಹಿಂದಕ್ಕೆ ಪಡೆಯಬೇಕೆಂಬ ಎಣಿಕೆ ಇನ್ನೂ ಉಳಿದಿದ್ದರೆ, ಅದಕ್ಕಾಗಿ ಸಾಲದ ಯೋಚನೆ ಬರುತ್ತಿದ್ದರೆ, ಅಥವಾ ನೀವೇ ಬರೆದ ಮಿತಿಯನ್ನು ಮತ್ತೆ ಮತ್ತೆ ದಾಟುತ್ತಿದ್ದರೆ, ನಾನು ಮೇಲೆ ಹೇಳಿದ್ದೆಲ್ಲ ನಿಮಗೆ ಸಾಲದು. ಆಗ ಕಾಕಾ ಅವರ ಮಾತು ಕೇಳಿ ಆಟವನ್ನು ಬಿಡಿ, ಮತ್ತು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು, ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಸ್ವೀಕರಿಸುತ್ತಾರೆ.

— ಸಂಪಾದಕ