ಮನೆಯಲ್ಲೇ ಕೂತು ಆನ್‌ಲೈನ್ ವಿಶ್ವವಿದ್ಯಾಲಯದಿಂದ ಬಿ.ಎಡ್. ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಬಿ.ಎಸ್‌ಸಿ. ಮುಗಿದು 6 ವರ್ಷವಾಗಿದೆ, ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೀರಿ, 3 ವರ್ಷದ ಮಗಳಿದ್ದಾಳೆ. ಯಾವುದೋ ಆನ್‌ಲೈನ್ ವಿಶ್ವವಿದ್ಯಾಲಯದ ಕಡೆಯವರು ದಿನಾ ಫೋನ್ ಮಾಡಿ ‘ಮನೆಯಲ್ಲೇ ಕೂತು ಬಿ.ಎಡ್. ಮುಗಿಸಿ, ಸರ್ಕಾರಿ ಕೆಲಸಕ್ಕೂ ನಡೆಯುತ್ತೆ, ಇವತ್ತೇ ಸೀಟು ಬ್ಲಾಕ್ ಮಾಡಿ’ ಅಂತಿದ್ದಾರೆ. ಸೇರಲಾ ಬೇಡವಾ ಅಂತ ಕೇಳಿದ್ದೀರಿ.

ಸೇರಬೇಡಿ. ಇವತ್ತಂತೂ ಒಂದು ರೂಪಾಯಿ ಕೂಡ ಕಟ್ಟಬೇಡಿ.

ನಾನು ಇದೇ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ನೀವಿರುವ ಜಾಗದಲ್ಲಿ ನಾನೂ ಇದ್ದೆ. ಮದುವೆಯಾಗಿ, ಮಗು ಚಿಕ್ಕದಿರುವಾಗ, ಖಾಸಗಿ ಶಾಲೆಯ ಸಂಬಳ ತಿಂಗಳ ಕೊನೆಗೆ ಸಾಲದೆ ‘ಬಿ.ಎಡ್. ಒಂದಿದ್ದಿದ್ದರೆ’ ಅಂತ ದಿನಾ ಅನ್ನಿಸುತ್ತಿದ್ದ ಕಾಲ ಅದು. ಆಗ ಆನ್‌ಲೈನ್ ಅನ್ನುವ ಮಾತು ಇಷ್ಟು ಇರಲಿಲ್ಲ. ‘ಹೊರ ರಾಜ್ಯದ ಬಿ.ಎಡ್., ಪರೀಕ್ಷೆಗೆ ಮಾತ್ರ ಹೋದರೆ ಸಾಕು’ ಅನ್ನುವ ಸ್ಟಡಿ ಸೆಂಟರ್‌ಗಳಿದ್ದವು. ಅಂಥ ಒಂದರಲ್ಲಿ 15 ಸಾವಿರ ಮುಂಗಡ ಕೊಟ್ಟೆ. ಬಳೆ ಅಡವಿಟ್ಟು ತಂದ ದುಡ್ಡು. ರಸೀದಿಯ ಮೇಲೆ ಕಾಲೇಜಿನ ಹೆಸರೇ ಇರಲಿಲ್ಲ, ಸೆಂಟರ್‌ನ ಸೀಲು ಮಾತ್ರ ಇತ್ತು. ಅದನ್ನು ಗಮನಿಸಿದ್ದು ನಮ್ಮ ಶಾಲೆಯ ಹೆಡ್‌ಮಾಸ್ಟರು. ‘ಈ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ಕೇಳಿದ್ಯೇನಮ್ಮ?’ ಅಂದರು. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಹೋಗಿ ವಿಚಾರಿಸಿದರೆ ‘ಬರುತ್ತೆ, ಬರುತ್ತೆ’ ಅಂದರು. ದುಡ್ಡು ವಾಪಸ್ ಬರಲಿಲ್ಲ. ಅದೇ ಸೆಂಟರ್‌ನಲ್ಲಿ ಪೂರ್ತಿ ಫೀಸು ಕಟ್ಟಿ ಮುಗಿಸಿದ ನನ್ನ ಪರಿಚಯದವರೊಬ್ಬರ ಕಥೆ ಇನ್ನೂ ಕಷ್ಟದ್ದು. ಅಂಕಪಟ್ಟಿ ಕೈಗೆ ಬಂತು, ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಿದರು, ಅಂಕವೂ ಚೆನ್ನಾಗಿತ್ತು. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಹೆಸರು ಬಿಟ್ಟುಹೋಯಿತು. ಎರಡು ವರ್ಷ, ದುಡ್ಡು, ವಯಸ್ಸು ಮೂರೂ ಹೋದವು.

ಹಾಗಾಗಿ ಕಾನೂನಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಅದಕ್ಕೆ 1993ರ ಕಾಯ್ದೆಯ ಬಲವಿದೆ. ಪೂರ್ತಿ ಆನ್‌ಲೈನ್‌ನಲ್ಲಿ ಮಾಡುವ ಬಿ.ಎಡ್.ಗೆ ಎನ್‌ಸಿಟಿಇ ಮಾನ್ಯತೆ ಇಲ್ಲ. ನಿಮಗೆ ಫೋನ್ ಮಾಡುವ ಹುಡುಗ ‘ಮೇಡಂ, ಯುಜಿಸಿಯೇ ಹೇಳಿದೆ, ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ’ ಅನ್ನುತ್ತಾನೆ. ಆ ಮಾತು ಸುಳ್ಳಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಹಾಗೇ ಹೇಳಿತು. ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ ಆನ್‌ಲೈನ್‌ನಲ್ಲಿ ಎಂ.ಎ., ಎಂ.ಕಾಂ. ಮಾಡಿದರೆ ಅದಕ್ಕೆ ಬೆಲೆ ಇದ್ದೇ ಇದೆ. ಆದರೆ ಬಿ.ಎಡ್.ಗೆ ಯುಜಿಸಿ ಒಪ್ಪಿಗೆಯೊಂದೇ ಸಾಲದು, ಎನ್‌ಸಿಟಿಇ ಒಪ್ಪಿಗೆಯೂ ಬೇಕು. ಅವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ. ವಿಶ್ವವಿದ್ಯಾಲಯ ಅಸಲಿಯಾಗಿದ್ದೂ ಅದರ ಈ ಕೋರ್ಸು ನಿಮ್ಮ ಕೆಲಸಕ್ಕೆ ಬಾರದೆ ಇರಬಹುದು. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ.

ಹಾಗಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ದೆಹಲಿಯ ಇಗ್ನೋ ಇವೆಲ್ಲ ಬಿ.ಎಡ್. ಕೊಡುತ್ತವಲ್ಲ ಅಂತ ಕೇಳುತ್ತೀರಿ. ಅದು ದೂರಶಿಕ್ಷಣದ ಬಿ.ಎಡ್., ಆನ್‌ಲೈನ್ ಅಲ್ಲ. ಅದು ಯಾರಿಗೆ ಅಂತಲೂ ಎನ್‌ಸಿಟಿಇ 2014ರ ನಿಯಮದಲ್ಲಿ ಗೆರೆ ಎಳೆದಿದೆ: ತರಬೇತಿ ಪಡೆದು ಈಗಾಗಲೇ ಪ್ರಾಥಮಿಕ ಹಂತದಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರಿಗೆ, ಇಲ್ಲವೇ ಡಿ.ಎಡ್.ನಂಥ ಮಾನ್ಯತೆ ಇರುವ ತರಬೇತಿಯನ್ನು ತರಗತಿಗೆ ಹೋಗಿ ಮುಗಿಸಿದವರಿಗೆ. ನನ್ನ ಸಹೋದ್ಯೋಗಿಯೊಬ್ಬರು ಹೀಗೇ ಮಾಡಿದವರು. ಡಿ.ಎಡ್. ಮಾಡಿ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಕಾರ್ಡು ಹಿಡಿದು 9 ವರ್ಷ ಮಕ್ಕಳ ಜೊತೆ ನೆಲದ ಮೇಲೆ ಕೂತವರು. (ಚಟುವಟಿಕೆಯ ಮೂಲಕ ಕಲಿಸುವ ಈ ನಲಿ-ಕಲಿ ಪದ್ಧತಿ ಹುಟ್ಟಿದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರ ಸುಮಾರಿಗೆ. ಈಗಿನ ಎಷ್ಟೋ ಬಿ.ಎಡ್. ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲ ಅನ್ನುವುದು ನನಗೆ ಬೇಸರ.) ಅವರಿಗೆ ತರಗತಿ ಹೊಸದಲ್ಲ, ತಾತ್ವಿಕ ಓದು ಮಾತ್ರ ಬೇಕಿತ್ತು. ಅವರಿಗೂ ಸಂಪರ್ಕ ತರಗತಿ, ಕಾರ್ಯಾಗಾರ, ಶಾಲಾ ಅನುಭವ ಯಾವುದೂ ತಪ್ಪಲಿಲ್ಲ.

ನಿಮ್ಮ ವಿಷಯ ಬೇರೆ. ಖಾಸಗಿ ಶಾಲೆಯ ನಿಮ್ಮ ವರ್ಷಗಳು ಅನುಭವವೇ, ಅದನ್ನು ಕಡಿಮೆ ಮಾಡಿ ಮಾತಾಡುತ್ತಿಲ್ಲ. ಆದರೆ ಕಾಗದದ ಮೇಲೆ ಅದು ತರಬೇತಿ ಅಲ್ಲ. ನೀವು ಡಿ.ಎಡ್. ಮಾಡಿದ ಬಗ್ಗೆ ಏನೂ ಬರೆದಿಲ್ಲ. ಮಾಡಿಲ್ಲ ಅಂದರೆ ದೂರಶಿಕ್ಷಣದ ಬಾಗಿಲೂ ನಿಮಗೆ ತೆರೆಯುವುದಿಲ್ಲ. ಮಾಡಿದ್ದರೆ ಖಂಡಿತ ಆ ದಾರಿ ನೋಡಿ. ಆಗಲೂ ನೀವು ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲೂ ಎನ್‌ಸಿಟಿಇ ಪಟ್ಟಿಯಲ್ಲೂ ನೋಡಿಕೊಳ್ಳಿ. ವರ್ಷ ಅನ್ನುವುದಕ್ಕೆ ಕಾರಣ ಇದೆ. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ಹೆಸರು ದೊಡ್ಡದು ಅಂತ ನಂಬಿ ಕೂರುವ ಹಾಗಿಲ್ಲ.

ಕಾನೂನು ಹಾಗಿರಲಿ. ನಾಳೆ ಎನ್‌ಸಿಟಿಇ ಮನಸ್ಸು ಬದಲಿಸಿ ಆನ್‌ಲೈನ್ ಬಿ.ಎಡ್.ಗೂ ಮಾನ್ಯತೆ ಕೊಟ್ಟರೂ ನಾನು ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಹೇಳಬೇಕು.

15 ಸಾವಿರ ಕಳೆದುಕೊಂಡ ಮಾರನೇ ವರ್ಷ ಮೈಸೂರಿನ ಒಂದು ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬೆಳಗಿನ ರೈಲು ಹಿಡಿಯುತ್ತಿದ್ದೆ. ಪಾಂಡವಪುರ ದಾಟುವಷ್ಟರಲ್ಲಿ ಪಾಠ ಯೋಜನೆಯ ಅರ್ಧ ಪುಟ, ಶ್ರೀರಂಗಪಟ್ಟಣದ ಸೇತುವೆ ಬರುವಷ್ಟರಲ್ಲಿ ಇನ್ನರ್ಧ. ಎರಡನೇ ವರ್ಷ 16 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್. ಒಂದು ದಿನ ಏಳನೇ ತರಗತಿಗೆ ಭಿನ್ನರಾಶಿ. ‘ಮಿಸ್, ಎಂಟು ದೊಡ್ಡದು, ಮೂರು ಚಿಕ್ಕದು. ಹಂಗಾದ್ರೆ ಎಂಟನೇ ಒಂದು ಭಾಗ ತಾನೇ ದೊಡ್ಡದು?’ ಅಂತ ಒಬ್ಬ ಹುಡುಗ ಹಿಂದಿನ ದಿನ ಕೇಳಿದ್ದ. ಅದಕ್ಕೇ ಮನೆಯಿಂದ ಎರಡು ಅಚ್ಚು ಬೆಲ್ಲ, ಒಂದು ಚಾಕು ತಂದಿದ್ದೆ. ಒಂದು ಅಚ್ಚನ್ನು ಮೂರು ಪಾಲು ಮಾಡಿದೆ, ಇನ್ನೊಂದನ್ನು ಎಂಟು ಪಾಲು. ‘ಯಾವ ತುಂಡು ಬೇಕೋ?’ ಅಂದೆ. ಇಡೀ ತರಗತಿ ಮೂರರ ತುಂಡಿಗೆ ಕೈ ಚಾಚಿತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ.

ನಮ್ಮ ಬಿ.ಎಡ್. ಕಾಲೇಜಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಪಿರಿಯಡ್ ಮುಗಿದ ಮೇಲೆ ತಮ್ಮ ಪುಸ್ತಕ ತೋರಿಸಿದರು. ಒಂದು ಪುಟದಲ್ಲಿ ಬೆಂಚುಗಳ ನಕ್ಷೆ, ನಾನು ಮಾತಾಡಿಸಿದ ಪ್ರತಿ ಮಗುವಿನ ಜಾಗದಲ್ಲಿ ಒಂದೊಂದು ಟಿಕ್. ಟಿಕ್‌ಗಳೆಲ್ಲ ಕಿಟಕಿಯ ಕಡೆ. ಬಾಗಿಲ ಕಡೆಯ ಎರಡು ಸಾಲಿನಲ್ಲಿ ಒಂದೂ ಇರಲಿಲ್ಲ. ‘ಬೆಲ್ಲ ಚೆನ್ನಾಗಿತ್ತು ಕಣಮ್ಮ. ಆದರೆ ಈ ಕಡೆ ಕೂತಿರೋ ಹನ್ನೊಂದು ಮಕ್ಕಳಿಗೆ ನೀನು ಇವತ್ತು ಪಾಠ ಮಾಡಲಿಲ್ಲ. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ನೀನು ಕೇಳಿ, ನೀನೇ ಉತ್ತರ ಹೇಳಿಬಿಡ್ತೀಯ’ ಅಂದರು.

ನಾಲ್ಕು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ್ದೆ. ನಾಲ್ಕು ವರ್ಷವೂ ಹೀಗೇ ಮಾಡಿದ್ದೆ ಅಂತ ಆ ಕ್ಷಣಕ್ಕೆ ಗೊತ್ತಾಯಿತು. ಯಾರೂ ಹಿಂದೆ ಕೂತು ನೋಡಿರಲಿಲ್ಲ, ಹಾಗಾಗಿ ಯಾರೂ ಹೇಳಿರಲಿಲ್ಲ. ಇವತ್ತಿಗೂ ತರಗತಿಗೆ ಹೋದ ಕೂಡಲೇ ನನ್ನ ಕಣ್ಣು ಮೊದಲು ಬಾಗಿಲ ಕಡೆಗೇ ಹೋಗುತ್ತದೆ. ಬಿ.ಎಡ್. ಅಂದರೆ ನನ್ನ ಮಟ್ಟಿಗೆ ಆ ಹಿಂದಿನ ಬೆಂಚಿನಲ್ಲಿ ಕೂತ ಮನುಷ್ಯ. ಪಿಯಾಜೆ, ವೈಗಾಟ್‌ಸ್ಕಿಯಂಥ ಮನಃಶಾಸ್ತ್ರಜ್ಞರನ್ನೆಲ್ಲ ವಿಡಿಯೋ ನೋಡಿಯೂ ಓದಬಹುದು, ಸ್ವಯಂ ಪೋರ್ಟಲ್‌ನಲ್ಲಿ, ದೀಕ್ಷಾ ಆ್ಯಪ್‌ನಲ್ಲಿ ಒಳ್ಳೆಯ ಪಾಠಗಳು ಪುಕ್ಕಟೆ ಸಿಗುತ್ತವೆ. ಆ ಟಿಕ್ ಮಾರ್ಕಿನ ನಕ್ಷೆ ಅಲ್ಲಿ ಸಿಗುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಮಾನ್ಯತೆ ಇದ್ದೂ ‘ಬರೋದು ಬೇಡ, ಹಾಜರಾತಿ ನಾವು ನೋಡ್ಕೋತೀವಿ’ ಅನ್ನುವ ಕಾಲೇಜುಗಳು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತವೆ. ಎನ್‌ಸಿಟಿಇ ನಿಯಮದ ಪ್ರಕಾರ ತರಗತಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕು. ದುಡ್ಡು ಕೊಟ್ಟು ಹಾಜರಾತಿ ಕೊಂಡರೆ ಅದು ಮಕ್ಕಳಿಗೆ ಮಾಡುವ ದ್ರೋಹ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ನಿಮ್ಮ ದಾರಿ. ರಾಜ್ಯದಲ್ಲಿ ಬಿ.ಎಡ್.ನ ಸರ್ಕಾರಿ ಕೋಟಾ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಪ್ರವೇಶ ಪರೀಕ್ಷೆ ಇಲ್ಲ, ಪದವಿಯ ಅಂಕವೇ ಆಧಾರ. ಪದವಿಯಲ್ಲಿ ಶೇ. 50 ಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಪ್ರಕಟಣೆ ಬಂದ ಮೇಲೆ ಅರ್ಜಿ ಹಾಕಿ, ಅನುಮಾನ ಇದ್ದರೆ ಮಂಡ್ಯದ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೋಗಿ ಕೇಳಿ. ಮಂಡ್ಯ ಊರಲ್ಲೇ ಬಿ.ಎಡ್. ಕಾಲೇಜುಗಳಿವೆ. ಅಲ್ಲಿ ಸಿಗದೆ ಮೈಸೂರಿನಲ್ಲಿ ಸಿಕ್ಕರೂ ಅಂಜಬೇಡಿ, ಸುಮಾರು 45 ಕಿಲೋಮೀಟರ್. ನಾನು ರೈಲಿನ ಪಾಸು ಕೊಳ್ಳುತ್ತಿದ್ದೆ. ನಿಮಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಪ್ರಕಟಣೆಯನ್ನೂ ಕಾಯುತ್ತಿರಿ. ಎನ್‌ಸಿಇಆರ್‌ಟಿಯದ್ದು, 1963ರಿಂದ ಇದೆ, ಅಲ್ಲಿ ಸೀಟು ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ಬಿ.ಎಡ್. ಮಾಡಿದರೆ ಯಾವ ತರಗತಿಗೆ ಅನ್ನುವುದೂ ಗೊತ್ತಿರಲಿ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ 1ರಿಂದ 5ನೇ ತರಗತಿಯ ಹುದ್ದೆಗೆ ಬಿ.ಎಡ್. ನಡೆಯುವುದಿಲ್ಲ, ಅದಕ್ಕೆ ಡಿ.ಎಡ್.ನವರೇ ಆಗಬೇಕು. ನಿಮಗೆ ಉಳಿಯುವುದು 6ರಿಂದ 8 ಮತ್ತು ಪ್ರೌಢಶಾಲೆ. 6ರಿಂದ 8ಕ್ಕೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಬೇಕು, 150 ಅಂಕದ ಪರೀಕ್ಷೆ. ಒಮ್ಮೆ ಪಾಸಾದರೆ ಜೀವಮಾನವಿಡೀ ನಡೆಯುತ್ತದೆ. ಗಣಿತದವರಿಗೆ ಅವಕಾಶ ಬರುತ್ತದೆ: 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದದ್ದು 15,000 ಹುದ್ದೆಗೆ. ಆದರೆ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಅದಕ್ಕೇ ಅದು ಬರುವ ದಿನ ನಿಮ್ಮ ಕಾಗದ ಪತ್ರ ನೆಟ್ಟಗಿರಬೇಕು.

ಮಗುವಿನ ವಿಷಯ ನೀವು ಪ್ರಶ್ನೆಯ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಆನ್‌ಲೈನ್ ಅಂದ ಕೂಡಲೇ ನಿಮ್ಮ ಮನಸ್ಸು ಎಳೆದದ್ದು ಅದಕ್ಕೇ ಅಂತ ನನಗನ್ನಿಸುತ್ತದೆ. ನಮ್ಮತ್ತೆ ಮೊದಲು ‘ಯಾಕವ್ವ ಸುಮ್ನೆ ಒದ್ದಾಡ್ತೀಯ, ಮನೇಲೇ ಓದೋದು ಏನೋ ಇದೆಯಂತಲ್ಲ’ ಅಂದಿದ್ದರು. ನಾನು ಅವರನ್ನು ಕೂರಿಸಿಕೊಂಡು ಆ ರಸೀದಿ ತೋರಿಸಿದೆ. ಎರಡು ವರ್ಷ, ಬೆಳಗ್ಗೆ ಇಷ್ಟು ಗಂಟೆಗೆ ಹೋಗಿ ಸಂಜೆ ಇಷ್ಟು ಗಂಟೆಗೆ ಬರುತ್ತೇನೆ, ಪರೀಕ್ಷೆ ಇರುವ ತಿಂಗಳು ಇಂಥವು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ ಕೊಟ್ಟೆ. ಆಮೇಲೆ ಅವರೇ ಡಬ್ಬಿಗೆ ಉಪ್ಪಿಟ್ಟು ತುಂಬಿಸಿ ಕಳಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಅಂಥ ಕೈ ಇಲ್ಲದಿದ್ದರೆ ಒಂದು ವರ್ಷ ತಡವಾಗಿ ಸೇರಿ. ಮಗಳು ಎಲ್‌ಕೆಜಿಗೆ ಹೋಗುವ ಹೊತ್ತಿಗೆ ಅರ್ಧ ದಿನ ಹಗುರಾಗುತ್ತದೆ. ಅಷ್ಟರೊಳಗೆ 6ರಿಂದ 8ನೇ ತರಗತಿಯ ಗಣಿತ, ವಿಜ್ಞಾನದ ಪುಸ್ತಕಗಳನ್ನು ಒಂದು ಸಲ ಪೂರ್ತಿ ಓದಿಕೊಂಡರೆ ಟಿಇಟಿಗೆ ಅರ್ಧ ತಯಾರಿ ಆದ ಹಾಗೆ. ಒಂದು ವರ್ಷದ ತಡ ತುಂಬಿಕೊಳ್ಳಬಹುದು, ನಡೆಯದ ಸರ್ಟಿಫಿಕೇಟಿಗೆ ಹೋದ ಎರಡು ವರ್ಷ ವಾಪಸ್ ಬರುವುದಿಲ್ಲ.

ಆ ಹುಡುಗ ಮತ್ತೆ ಫೋನ್ ಮಾಡಿದರೆ ‘ಈ ಬಿ.ಎಡ್.ಗೆ ಎನ್‌ಸಿಟಿಇ ಕೊಟ್ಟ ಮಾನ್ಯತಾ ಆದೇಶದ ಪ್ರತಿ ಕಳಿಸಿ, ನನ್ನ ಪಾಠ ನೋಡೋಕೆ ಶಾಲೆಗೆ ಯಾರು ಬರ್ತಾರೆ ಹೇಳಿ’ ಅಂತ ಕೇಳಿ. ನಿಮ್ಮ ಬಿ.ಎಸ್‌ಸಿ.ಯ ಒಟ್ಟು ಶೇಕಡಾವಾರು ಎಷ್ಟು, ಮೂರು ವಿಷಯ ಯಾವುವು, ಡಿ.ಎಡ್. ಆಗಿದೆಯಾ, ಇಷ್ಟನ್ನು ಕೆಳಗೆ ಬರೆಯಿರಿ. ಸಂಜೆ ಶಾಲೆ ಮುಗಿಸಿ ಬಂದು ನೋಡುತ್ತೇನೆ.