ದನಿ ಏರಿಸಿದರೆ ಮಾತ್ರ ಹಾಡುವ ಎಡ ಸ್ಪೀಕರ್

ಪ್ರಶ್ನೆ: ದೊಡ್ಡಪ್ಪ 1976ರಲ್ಲಿ ಅಮೆರಿಕದಿಂದ ತಂದ ಜಪಾನಿ ಸ್ಟೀರಿಯೋ ರಿಸೀವರ್ ಈಗ ನನ್ನ ಬಳಿ ಇದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಬಳಸುತ್ತೇನೆ. ಆನ್ ಮಾಡಿದ ಕೆಲವು ಸೆಕೆಂಡಿಗೆ ಒಳಗೆ ‘ಟಕ್’ ಎನ್ನುತ್ತದೆ. ಬಲ ಸ್ಪೀಕರ್ ಚೆನ್ನಾಗಿದೆ. ದನಿ ಕಡಿಮೆ ಇಟ್ಟರೆ ಎಡದ್ದು ಸುಮ್ಮನಾಗುತ್ತದೆ. ಒಮ್ಮೆ ಜೋರಾಗಿ ಏರಿಸಿದರೆ ಫಟ್ಟೆಂದು ಬಂದು ಸ್ವಲ್ಪ ಹೊತ್ತು ಹಾಡುತ್ತದೆ. ರೆಕಾರ್ಡ್ ಹಾಕಿದಾಗ ಮಾತ್ರ ಗುಂಯ್ ಎಂಬ ಸದ್ದು. ರಿಪೇರಿಯವರು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನೂ ಎಲ್ಲ ಕೆಪಾಸಿಟರ್‌ಗಳನ್ನೂ ಬದಲಿಸಬೇಕು ಎನ್ನುತ್ತಾರೆ. ಒಪ್ಪಲೇ? (ಹಿಂದೆ ಫ್ಯೂಸ್ ಹೋದಾಗ ಯಾರೋ ತಾಮ್ರದ ತಂತಿ ಸುತ್ತಿದ್ದಾರೆ.)
— ಬೆಂಗಳೂರಿನ ಓದುಗರು

ಉತ್ತರ: ನೀವು ಆವರಣದೊಳಗೆ ಮೆಲ್ಲಗೆ ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ಆ ತಂತಿಯನ್ನು ಇಂದೇ ಕಿತ್ತುಹಾಕಿ. ನಿಮ್ಮ ಸೆಟ್ 120 ವೋಲ್ಟಿನದು. ಯಾರಾದರೂ ಮರೆತು ಅದನ್ನು ನೇರ ಗೋಡೆಯ 230 ವೋಲ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಸಾಯಬೇಕು; ತಂತಿ ಸುತ್ತಿದ್ದರೆ ಸೆಟ್ಟಿನೊಳಗಿನ ಟ್ರಾನ್ಸ್‌ಫಾರ್ಮರ್ ಸಾಯುತ್ತದೆ. ಅದನ್ನು ಎಸ್.ಪಿ. ರಸ್ತೆಯಲ್ಲಿ ಇಡೀ ದಿನ ಅಲೆದರೂ ತರಲಾರಿರಿ. ಫ್ಯೂಸ್ ಹಿಡಿಕೆಯ ಪಕ್ಕದಲ್ಲೇ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅಷ್ಟರದ್ದೇ ಹಾಕಿ.

ಇನ್ನು ಟ್ರಾನ್ಸಿಸ್ಟರ್. ಒಪ್ಪಬೇಡಿ. ಆ ‘ಟಕ್’ ಸದ್ದು ಸ್ಪೀಕರ್‌ಗಳನ್ನು ಕಾಯುವ ರಿಲೇಯದು, ಅಂದರೆ ವಿದ್ಯುತ್ತಿನಿಂದ ತಾನೇ ಕೂಡಿ ಬಿಡುವ ಸ್ವಿಚ್ಚಿನದು. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ ಸ್ಪೀಕರ್ ತಂತಿಯ ಮೇಲೆ ಡಿ.ಸಿ. ವೋಲ್ಟೇಜ್ ಬಂದು, ರಿಲೇ ಕೂಡಿಕೊಳ್ಳುತ್ತಲೇ ಇರಲಿಲ್ಲ. ಎರಡೂ ಬದಿ ಮೌನವಾಗಿರುತ್ತಿದ್ದವು. ಕಡಿಮೆ ದನಿಯಲ್ಲಿ ಕಾಣೆ, ಜೋರು ಮಾಡಿದರೆ ಹಾಜರ್ ಎಂಬುದು ಕಪ್ಪುಗಟ್ಟಿದ ಸಂಪರ್ಕಬಿಂದುವಿನ ಲಕ್ಷಣ. ಮೇಲಿನ ತೆಳು ಕಿಲುಬಿನ ಪದರವನ್ನು ಸಣ್ಣ ಸಿಗ್ನಲ್ ದಾಟಲಾರದು, ದೊಡ್ಡದು ಭೇದಿಸಿಕೊಂಡು ಹೋಗುತ್ತದೆ.

ಆದರೆ ಯಾವ ಸಂಪರ್ಕ? ಬೆಸುಗೆ ಕಡ್ಡಿ ಮುಟ್ಟುವ ಮೊದಲು ಅದಲುಬದಲು ಮಾಡಿ ನೋಡಿ, ಪ್ರತಿಸಲವೂ ಸೆಟ್ ಆಫ್ ಮಾಡಿಯೇ. ರಿಸೀವರಿನ ಹಿಂದೆ ಎಡ-ಬಲ ಸ್ಪೀಕರ್ ತಂತಿಗಳನ್ನು ಬದಲಿಸಿದಾಗಲೂ ಮೌನ ಎಡ ಸ್ಪೀಕರಿನಲ್ಲೇ ಉಳಿದರೆ ತಪ್ಪು ಸ್ಪೀಕರಿನದು ಅಥವಾ ತಂತಿಯದು. ಮೌನ ಬಲ ಸ್ಪೀಕರಿಗೆ ಹೋದರೆ ತಪ್ಪು ರಿಸೀವರಿನದು; ತಂತಿಗಳನ್ನು ಮೊದಲಿನಂತೆ ಎಡ-ಬಲ ಮಾಡಿ, ಹಿಂಬದಿಯ ಎರಡನೇ ಜೋಡಿಯಾದ ‘ಬಿ’ ಸ್ಪೀಕರ್ ಜಾಗಕ್ಕೆ ಜೋಡಿಸಿ; ಅಲ್ಲಿ ಎಡ ಚೆನ್ನಾಗಿ ಹಾಡಿದರೆ ‘ಎ’ ಸ್ಪೀಕರ್ ಸ್ವಿಚ್ಚಿನ ಕೊಳೆ. ಅಲ್ಲೂ ಅದೇ ಗೋಳಾದರೆ ಹಿಂಬದಿಯಲ್ಲಿ ಪ್ರಿ-ಔಟ್ (ದನಿ ಹೊಂದಿಸುವ ಮುಂಭಾಗದ ಸರ್ಕ್ಯೂಟಿನ ಹೊರದಾರಿ) ಮತ್ತು ಮೇನ್-ಇನ್ (ಸ್ಪೀಕರ್ ನಡೆಸುವ ಭಾಗದ ಒಳದಾರಿ) ಎಂಬ ತೂತುಗಳಿವೆಯೇ ನೋಡಿ. ಅವುಗಳ ನಡುವಿನ ಬಾಗಿದ ಲೋಹದ ಕೊಂಡಿಗಳನ್ನು ತೆಗೆದು, ಎರಡು ಸಾಮಾನ್ಯ ಆಡಿಯೋ ಕೇಬಲ್‌ಗಳಿಂದ ಎಡವನ್ನು ಬಲಕ್ಕೂ ಬಲವನ್ನು ಎಡಕ್ಕೂ ಜೋಡಿಸಿ. ಕಾಯಿಲೆ ಬಲಕ್ಕೆ ದಾಟಿತೋ, ತಪ್ಪು ಮುಂಭಾಗದ ಸರ್ಕ್ಯೂಟಿನದು. ಅಲ್ಲಿ ನನ್ನ ಮೊದಲ ಅನುಮಾನ, ಟೇಪ್ ರೆಕಾರ್ಡರಿನ ದನಿ ಕೇಳಲೆಂದು ಇರುವ ಟೇಪ್ ಮಾನಿಟರ್ ಸ್ವಿಚ್ಚಿನ ಮೇಲೆ. ಯಾರೂ ಒತ್ತದ ಆ ಗುಂಡಿಯ ಮೂಲಕವೇ ಇಡೀ ಸಂಗೀತ ಹಾದು ಹೋಗುತ್ತದೆ! ಇಪ್ಪತ್ತು-ಮೂವತ್ತು ಸಲ ಒತ್ತಿ ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಕಾಯಿಲೆ ಎಡದಲ್ಲೇ ಉಳಿದರೆ ರಿಲೇ ಎಂದುಕೊಳ್ಳಿ.

ರಿಲೇ ತೆರೆಯುವ ಮುನ್ನ ಪ್ಲಗ್ ಕೀಳಿ. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ 30–40 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವ ಶೌರ್ಯ ಬೇಡ; 1 ಕಿಲೋಓಮ್, 5 ವ್ಯಾಟಿನ ರೆಸಿಸ್ಟರ್ ಹಿಡಿದು ಇಳಿಸಿ, ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಿ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ಸಂಪರ್ಕಬಿಂದುಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಮರಳು ಕಾಗದ ಮುಟ್ಟಿಸಬೇಡಿ, ಮೇಲಿನ ಲೇಪ ಹೋಗುತ್ತದೆ. ಬಿಂದುಗಳು ಕುಳಿಬಿದ್ದಿದ್ದರೆ ಅದೇ ಕಾಯಿಲ್ ವೋಲ್ಟೇಜಿನ, ಅಷ್ಟೇ ಕಾಲುಗಳ ಹೊಸ ರಿಲೇ ಹಾಕಿಸಿ.

ಗುಂಯ್ ಸದ್ದು ಬೇರೆ ಕತೆ. ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ ರೇಡಿಯೋದಲ್ಲೂ, ದನಿ ಪೂರ್ತಿ ಇಳಿಸಿದಾಗಲೂ ಕೇಳಿಸಬೇಕಿತ್ತು. ರೆಕಾರ್ಡಿಗೆ ಮಾತ್ರ ಎಂದರೆ ಟರ್ನ್‌ಟೇಬಲ್‌ನಿಂದ ಬರುವ ತೆಳ್ಳನೆಯ ಅರ್ಥ್ ತಂತಿ ರಿಸೀವರಿನ ಹಿಂದಿನ ಅರ್ಥ್ ತಿರುಪಿಗೆ ಸೇರಿದೆಯೇ ಎಂದು ಮೊದಲು ನೋಡಿ.

ಎಲ್ಲ ಮುಚ್ಚಿದ ಮೇಲೆ, ಸ್ಪೀಕರ್ ಜೋಡಿಸದೆ, ಸ್ಟೆಪ್‌ಡೌನಿಗೆ ಹೋಗುವ 230 ವೋಲ್ಟಿನ ಸಾಲಿನಲ್ಲಿ 100 ವ್ಯಾಟಿನ ಹಳೆಯ ತಂತಿಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ, ಎಲ್.ಇ.ಡಿ. ಬಲ್ಬ್ ಆಗದು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ. ಮಂಕಾದ ಬಳಿಕ ಬಲ್ಬ್ ತೆಗೆದು ಮತ್ತೆ ಆನ್ ಮಾಡಿ, ‘ಟಕ್’ ಎಂದ ನಂತರ ಸ್ಪೀಕರ್ ಕೊನೆಗಳಲ್ಲಿ ಡಿ.ಸಿ. ಅಳೆಯಿರಿ. 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಸ್ಪೀಕರ್ ಜೋಡಿಸಿ, 102.9ಕ್ಕೆ ಮುಳ್ಳು ತಿರುಗಿಸಿ ವಿವಿಧ ಭಾರತಿ ಕೇಳಿ, ಸಣ್ಣ ದನಿಯಲ್ಲಿ.