ಟ್ರಂಪ್ ಚಿತ್ರ ಬಳಸಿದ್ದಕ್ಕೆ ಶೇ. 5ರ ಪಾಲು: ಕೊಡಲೇಬೇಕೇ?

ಅಮೆರಿಕದ ಚುನಾವಣೆಯಲ್ಲಿ ನಿಮ್ಮ ಅಭ್ಯರ್ಥಿಯ ದೇಣಿಗೆ ಮನವಿಯಲ್ಲಿ ಟ್ರಂಪ್ ಅವರ ಚಿತ್ರವಿದೆಯೆಂದು, ಆನ್‌ಲೈನ್‌ನಲ್ಲಿ ದೇಣಿಗೆ ಸಂಗ್ರಹಿಸಿಕೊಡುವ ಡಿಜಿಟಲ್ ಸಂಸ್ಥೆಯವರು ಬಂದ ಹಣದಲ್ಲಿ ಶೇ. 5ರಷ್ಟು ಪಾಲು ಕೇಳುತ್ತಿರುವುದಕ್ಕೆ, ಬಹುಶಃ, 2024ರ ಏಪ್ರಿಲ್‌ನಲ್ಲಿ ಟ್ರಂಪ್ ಪ್ರಚಾರ ತಂಡವು ಇಂತಹ ಸಂಸ್ಥೆಗಳಿಗೆ ಬರೆದ ಪತ್ರವೇ ಮೂಲ. ಟ್ರಂಪ್ ಹೆಸರು, ಚಿತ್ರ ಬಳಸಿ ದೇಣಿಗೆ ಕೇಳುವ ಅಭ್ಯರ್ಥಿಗಳು ಕನಿಷ್ಠ ಶೇ. 5ರಷ್ಟನ್ನು ಟ್ರಂಪ್ ಪ್ರಚಾರಕ್ಕೆ ಕೊಡಬೇಕೆಂದು ಅದು ಕೇಳಿತ್ತು. ಅದು ಕಾನೂನಲ್ಲ, ರಿಪಬ್ಲಿಕನ್ ಪಕ್ಷದೊಳಗಿನ ಒತ್ತಡ. ಹೆಚ್ಚು ಪಾಲು ಕೊಡುವವರನ್ನು ಮೆಚ್ಚುಗೆಯಿಂದ ಕಾಣಲಾಗುವುದೆಂದೂ ಅದರಲ್ಲಿತ್ತು. ಸಣ್ಣ ಅಭ್ಯರ್ಥಿಗಳಿಗೆ ಇದು ಅನ್ಯಾಯದ ಹೊರೆ ಎಂದೇ ನನ್ನ ಅಭಿಪ್ರಾಯ.

ಮೊದಲು ಸಂಸ್ಥೆಯೊಂದಿಗಿನ ಒಪ್ಪಂದದಲ್ಲಿ ಈ ಷರತ್ತು ಇದೆಯೇ ನೋಡಿ. ಇಲ್ಲದಿದ್ದರೆ, ಟ್ರಂಪ್ ಚಿತ್ರವನ್ನೂ ಅವರ ಬೆಂಬಲವಿದೆಯೆಂಬ ಭಾವನೆ ಮೂಡಿಸುವ ಸಾಲುಗಳನ್ನೂ ತೆಗೆದು, ನಿಮ್ಮ ಅಭ್ಯರ್ಥಿಯ ಹೆಸರಿನಲ್ಲೇ ಮನವಿ ಕಳುಹಿಸಿ. ಪಾಲು ಕೊಡುವುದೇ ಆದರೆ, ಹಣ ಯಾರಿಗೆ ಎಷ್ಟು ಹೋಗುತ್ತದೆಂಬುದನ್ನು ದೇಣಿಗೆ ಪುಟದಲ್ಲೇ ಸ್ಪಷ್ಟವಾಗಿ ಬರೆಯಿರಿ. ರಾಜ್ಯಮಟ್ಟದ ಸ್ಪರ್ಧೆಯಾದರೆ ನಿಯಮ ಬೇರೆಯಿರಬಹುದು. ನಿಮ್ಮ ಖಜಾಂಚಿ ರಾಜ್ಯದ ಚುನಾವಣಾ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಹಣ ವರ್ಗಾಯಿಸಲಿ.